ಒಂದು ಗುಟುಕಿಗೆ ದನಿ ನೆನೆಯದು

ಭಾಷಣದ ನಡುವೆ ದನಿ ಕಟ್ಟಿತೆಂದರೆ ಕೈ ತಾನಾಗಿ ನೀರಿನ ಲೋಟದ ಕಡೆ ಹೋಗುತ್ತದೆ. ಎರಡು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡು, ಮಾತು ಮುಂದುವರಿಸಿದರೆ ದನಿ ತಿಳಿಯಾದಂತೆ ಮಾತಾಡುವವರಿಗೂ ಅನಿಸುತ್ತದೆ, ಕೇಳುವವರಿಗೂ ಅನಿಸುತ್ತದೆ. ಆದರೆ ಆ ನೀರಿನ ಒಂದು ಹನಿಯೂ ದನಿ ಹುಟ್ಟುವ ಜಾಗವನ್ನು ಮುಟ್ಟಿರುವುದಿಲ್ಲ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲಕ್ಕೇರುತ್ತದೆ, ಅದರ ಮೇಲಿನ ಮುಚ್ಚಳ ಹಿಂದಕ್ಕೆ ಬಾಗುತ್ತದೆ, ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ. ನೀರು ಹಿಂಬದಿಯ ಅನ್ನನಾಳಕ್ಕೆ ಇಳಿದುಹೋಗುತ್ತದೆ. ದಾರಿ ತಪ್ಪಿ ಒಂದು ಹನಿ ತಂತುಗಳ ಮೇಲೆ ಬಿದ್ದರೆ ನೆತ್ತಿಗೆ ಹತ್ತಿ ಕೆಮ್ಮು ಉಕ್ಕಿಬರುತ್ತದೆ. ಕುಡಿದ ನೀರು ಧ್ವನಿತಂತುಗಳಿಗೆ ಸೇರಬೇಕಾದರೆ ಹೊಟ್ಟೆ, ಕರುಳು, ರಕ್ತ ಎಂಬ ಸುತ್ತುದಾರಿಯಲ್ಲೇ ಬರಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಹಾಗಾಗಿ ದನಿಗೂ ನೀರಿಗೂ ಇರುವ ನಂಟನ್ನು ಲೋಟದ ಲೆಕ್ಕದಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ, ಇಡೀ ದಿನದ ಲೆಕ್ಕದಲ್ಲಿ ನೋಡಬೇಕು. ಇಡೀ ದಿನ ಎಂದಕೂಡಲೇ ಪ್ರಶ್ನೆ ದೇಹಶಾಸ್ತ್ರದಲ್ಲೇ ನಿಲ್ಲುವುದಿಲ್ಲ. ದನಿಯನ್ನೇ ನಂಬಿ ದುಡಿಯುವವರ ವೇಳಾಪಟ್ಟಿ, ಅವರು ನಿಂತ ಕೋಣೆಯ ಗಾಳಿ, ಕೊನೆಗೆ ಶೌಚಾಲಯದ ಬಾಗಿಲವರೆಗೂ ಅದು ಬಂದು ನಿಲ್ಲುತ್ತದೆ.

ಮೊದಲು ಆ ತಂತುಗಳನ್ನೇ ಹತ್ತಿರದಿಂದ ನೋಡೋಣ. ಕುತ್ತಿಗೆಯ ಮುಂಭಾಗದಲ್ಲಿ ಕೈಗೆ ಸಿಗುವ ಗಟ್ಟಿ ಉಬ್ಬಿನ ಹಿಂದೆ, ಶ್ವಾಸನಾಳದ ಬಾಯಲ್ಲಿ ಅಡ್ಡಲಾಗಿ ಇರುವ ಎರಡು ಪುಟ್ಟ ಮಡಿಕೆಗಳು ಅವು. ವಯಸ್ಕ ಗಂಡಸರಲ್ಲಿ ಉದ್ದ ಸುಮಾರು ಎರಡು ಸೆಂಟಿಮೀಟರ್, ಹೆಂಗಸರಲ್ಲಿ ಅದಕ್ಕಿಂತ ಕಡಿಮೆ. ಜಪಾನಿನ ವೈದ್ಯ ಮಿನೊರು ಹಿರಾನೊ 1974ರಲ್ಲಿ ಇವುಗಳ ಪದರಗಳನ್ನು ವಿವರಿಸಿದ ಮೇಲೆ ದನಿಯ ವಿಜ್ಞಾನ ಹೊಸ ದಾರಿ ಹಿಡಿಯಿತು. ಒಳಗೆ ಸ್ನಾಯು, ಹೊರಗೆ ತೆಳುವಾದ ಹೊದಿಕೆ, ಇವೆರಡರ ನಡುವೆ ನೀರು ತುಂಬಿದ ಮೆತ್ತನೆಯ ಪದರ. ಈ ನಡುವಿನ ಪದರದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವ ಮುಖ್ಯ ವಸ್ತುಗಳಲ್ಲಿ ಹೈಯಲುರಾನಿಕ್ ಆಮ್ಲ ಒಂದು. ಎಲ್ಲಕ್ಕಿಂತ ಮೇಲೆ, ಹೊದಿಕೆಯನ್ನು ಸದಾ ಒದ್ದೆಯಾಗಿಡುವ ತೆಳು ಲೋಳೆ. ಉಸಿರು ಕೆಳಗಿನಿಂದ ಒತ್ತಿದಾಗ ಈ ಹೊದಿಕೆ ಸ್ನಾಯುವಿನ ಮೇಲೆ ಅಲೆಯಂತೆ ಜಾರುತ್ತದೆ, ಎರಡು ಮಡಿಕೆಗಳೂ ಬಡಿದು ಬೇರ್ಪಡುತ್ತವೆ, ಮತ್ತೆ ಬಡಿಯುತ್ತವೆ. ಮಾತಾಡುವಾಗ ಗಂಡಸಿನ ತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸಿನವು ಇನ್ನೂರರ ಆಸುಪಾಸಿನಲ್ಲಿ ಕಂಪಿಸುತ್ತವೆ. ಪಾಠ ಮಾಡುವ ಶಿಕ್ಷಕಿಯ ದನಿ ಸೆಕೆಂಡಿಗೆ 220 ಕಂಪನದ್ದು ಎಂದಿಟ್ಟುಕೊಳ್ಳಿ. ಮಾತಿನ ನಡುವಿನ ಮೌನವನ್ನೆಲ್ಲ ಕಳೆದು, ಬರೀ ಒಂದು ಗಂಟೆ ದನಿ ಹೊರಟರೂ 7,92,000 ಬಡಿತಗಳಾಗುತ್ತವೆ. ದೇಹದಲ್ಲಿ ಇಷ್ಟು ವೇಗದ, ಇಷ್ಟು ಸಲದ ಬಡಿತಕ್ಕೆ ಒಡ್ಡಿಕೊಂಡ ಇನ್ನೊಂದು ಚರ್ಮವಿಲ್ಲ. ಅದನ್ನು ಕಾಯುವುದು ಒಳಗಿನ ನೀರು ಮತ್ತು ಮೇಲಿನ ಪಸೆ. ಒಣಗಿದ ತುಟಿಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರೆ ಪಸೆಯಿಲ್ಲದ ಬಡಿತ ಹೇಗಿದ್ದೀತೆಂದು ಊಹಿಸಬಹುದು.

ಊಹೆಯಷ್ಟೇ ಸಾಲದು, ಅಳತೆಯೂ ಬೇಕು. ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಜೆ 1988ರಲ್ಲಿ ಅದಕ್ಕೊಂದು ಗಣಿತದ ಬುನಾದಿ ಹಾಕಿಕೊಟ್ಟರು. ತಂತುಗಳು ಕಂಪಿಸತೊಡಗಲು ಕೆಳಗಿನಿಂದ ಬೇಕಾದ ಕನಿಷ್ಠ ಗಾಳಿಯ ಒತ್ತಡವೇ ಆ ಅಳತೆಗೋಲು. ಮೆಲುದನಿಗೆ ಸುಮಾರು ಮೂರು–ನಾಲ್ಕು ಸೆಂಟಿಮೀಟರ್ ನೀರಿನ ಎತ್ತರದಷ್ಟು ಒತ್ತಡ ಸಾಕು; ಅಷ್ಟು ಸೂಕ್ಷ್ಮವಾದ ವ್ಯವಸ್ಥೆ ಅದು. ಹೊದಿಕೆಯ ಸ್ನಿಗ್ಧತೆ ಹೆಚ್ಚಿದಷ್ಟೂ, ಎಂದರೆ ಅದು ಮಂದವೂ ಅಂಟೂ ಆದಷ್ಟೂ, ಈ ಕನಿಷ್ಠ ಒತ್ತಡ ಏರುತ್ತದೆ ಎನ್ನುತ್ತದೆ ಟಿಟ್ಜೆಯವರ ಸೂತ್ರ. ಅದೇ ಸುಮಾರಿಗೆ, ದೇಹದಿಂದ ಬೇರ್ಪಡಿಸಿದ ನಾಯಿಗಳ ಧ್ವನಿಪೆಟ್ಟಿಗೆಗಳನ್ನು ಬೇರೆ ಬೇರೆ ಸಾಂದ್ರತೆಯ ದ್ರಾವಣಗಳಲ್ಲಿ ನೆನೆಸಿ ಮಾಡಿದ ಪ್ರಯೋಗವೂ ಇದೇ ದಿಕ್ಕನ್ನು ತೋರಿಸಿತ್ತು. 1990ರ ದಶಕದಲ್ಲಿ ಕ್ಯಾಥರೀನ್ ವರ್ಡೊಲಿನಿ ಮತ್ತು ಸಂಗಡಿಗರು ಇದನ್ನು ಜೀವಂತ ಮನುಷ್ಯರಲ್ಲಿ ಪರೀಕ್ಷಿಸಿದರು. ನೀರು ಕಡಿಮೆಯಾದ ಸ್ಥಿತಿಯಲ್ಲಿ ಒತ್ತಡ ಹೆಚ್ಚು ಬೇಕಾಯಿತು, ಚೆನ್ನಾಗಿ ನೀರುಂಡ ಸ್ಥಿತಿಯಲ್ಲಿ ಕಡಿಮೆ ಸಾಕಾಯಿತು.

ನನ್ನ ಮಟ್ಟಿಗೆ ಈ ಇಡೀ ಸಾಹಿತ್ಯದಲ್ಲಿ ಅತ್ಯಂತ ಬೆಲೆಯುಳ್ಳ ಪ್ರಯೋಗ ಅದೇ ತಂಡ 2002ರಲ್ಲಿ ಪ್ರಕಟಿಸಿದ್ದು. ಆರೋಗ್ಯವಂತರಿಗೆ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಔಷಧ ಕೊಟ್ಟು ಅವರ ದೇಹತೂಕದ ಸುಮಾರು ಶೇ 1ರಷ್ಟು ನೀರು ಹೊರಹೋಗುವಂತೆ ಮಾಡಲಾಯಿತು. ಅರವತ್ತು ಕಿಲೊ ತೂಗುವವರಿಗೆ ಅದು ಬರೀ ಆರುನೂರು ಮಿಲಿಲೀಟರ್. ಬಿಸಿಲಿನಲ್ಲಿ ಒಂದೆರಡು ತಾಸು ದುಡಿದರೆ ಬೆವರಿನಲ್ಲೇ ಹೋಗುವಷ್ಟು. ಅಷ್ಟಕ್ಕೇ ದನಿ ಹೊರಡಿಸಲು ಬೇಕಾದ ಒತ್ತಡ ಏರಿತು. ಆದರೆ ಏರಿದ್ದು ಕೂಡಲೇ ಅಲ್ಲ, ಕೆಲವು ತಾಸುಗಳ ನಂತರ. ಧ್ವನಿತಂತು ನೀರಿನ ಕೊರತೆಯನ್ನು ತಡವಾಗಿ ಅನುಭವಿಸುತ್ತದೆ ಎಂಬುದೇ ಇಲ್ಲಿನ ಮುಖ್ಯ ಮಾತು. ಬೆಳಿಗ್ಗೆ ನೀರು ಕುಡಿಯದವರ ದನಿ ಮಧ್ಯಾಹ್ನ ಸೋಲುತ್ತದೆ, ಸೋತ ಹೊತ್ತಿನಲ್ಲಿ ಕುಡಿದ ನೀರು ಆ ಹೊತ್ತಿಗೆ ಒದಗುವುದಿಲ್ಲ. ಮುಂದೆ 2018ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಮಹಾಲಕ್ಷ್ಮಿ ಶಿವಶಂಕರ್ ಮತ್ತು ಸಹೋದ್ಯೋಗಿಗಳು ಇಲಿಗಳ ಮೇಲೆ ಎಂಆರ್‌ಐ ಪ್ರಯೋಗ ನಡೆಸಿ, ದೇಹದ ನೀರು ಇಳಿದಾಗ ಧ್ವನಿತಂತುಗಳ ನೀರೂ ಇಳಿಯುತ್ತದೆ ಎಂಬುದನ್ನು ತೋರಿಸಿದರು. ಸುತ್ತುದಾರಿಯ ಮಾತು ಬರೀ ತರ್ಕವಾಗಿ ಉಳಿಯಲಿಲ್ಲ.

ಇದು ಒಳಗಿನ ನೀರಿನ ಕತೆ. ಮೇಲ್ಮೈಯ ಪಸೆಯದು ಬೇರೆಯೇ ಕತೆ, ಇವೆರಡೂ ಸದಾ ಜೊತೆಯಾಗಿ ಸಾಗುವುದಿಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ನಿಮಿಷ ಒಣಗಾಳಿ ಉಸಿರಾಡಿದ್ದಕ್ಕೇ ದನಿಯ ಕಂಪನಗಳ ನಿಯತತೆ ಕೆಟ್ಟಿತು. ಶಿವಶಂಕರ್ ಅವರೇ 2002ರಲ್ಲಿ ತೋರಿಸಿದಂತೆ, ಮೂಗಿನ ಬದಲು ಬಾಯಿಂದ ಸುಮಾರು ಕಾಲು ಗಂಟೆ ಉಸಿರಾಡಿದರೂ ದನಿ ಹೊರಡಿಸಲು ಹೆಚ್ಚು ಒತ್ತಡ ಬೇಕಾಗುತ್ತದೆ. ಮೂಗು ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿ ಒಳಗೆ ಕಳಿಸುತ್ತದೆ. ಬಾಯಿಗೆ ಆ ಶಕ್ತಿ ಅಷ್ಟಿಲ್ಲ. ಎಡೆಬಿಡದೆ ಮಾತಾಡುವವರು, ಹಾಡುವವರು ಗಾಳಿಯನ್ನು ಬಾಯಿಂದಲೇ ಸೆಳೆದುಕೊಳ್ಳುತ್ತಾರೆ. ಕರಾವಳಿಯ ಯಕ್ಷಗಾನ ಭಾಗವತರನ್ನು ಗಮನಿಸಿ. ಮೇಳಗಳ ತಿರುಗಾಟ ದೀಪಾವಳಿಯ ನಂತರ ಶುರುವಾಗಿ ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನದವರೆಗೆ ನಡೆಯುತ್ತದೆ. ಮಾರ್ಚ್ ದಾಟಿದ ಮೇಲೆ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ, ಮೇಲ್ಮೈ ಒಣಗುವ ಭಯ ಕಡಿಮೆ. ಆದರೆ ಅದೇ ಸೆಕೆಯಲ್ಲಿ ಬೆವರು ಧಾರೆಯಾಗಿ ಇಳಿದು ಒಳಗಿನ ನೀರು ಖಾಲಿಯಾಗುತ್ತದೆ. ಚೆಂಡೆಯ ಅಬ್ಬರದ ಎದುರು ಏರುಶ್ರುತಿಯಲ್ಲಿ ಹಾಡುವ ಗಂಟಲಿಗೆ ಇದು ಸಣ್ಣ ಹೊರೆಯಲ್ಲ. ಕಲಬುರ್ಗಿ, ರಾಯಚೂರಿನ ಜನವರಿಯಲ್ಲಿ ಲೆಕ್ಕ ತಿರುವುಮುರುವು. ಬೆವರು ಕಡಿಮೆ, ಬಾಯಾರಿಕೆಯೂ ಕಡಿಮೆ, ಗಾಳಿ ಮಾತ್ರ ಒಣ. ಬೆಂಗಳೂರಿನ ಕಾಲ್ ಸೆಂಟರಿನ ಏಸಿ ಕೋಣೆಯಲ್ಲಿ ಎಂಟು ತಾಸು ಮಾತಾಡುವವರದೂ ಇದೇ ಪಾಡು, ಅದೂ ವರ್ಷದ ಉದ್ದಕ್ಕೂ. ಎಲ್ಲರಿಗೂ ಒಂದೇ ಸಲಹೆ ಹೊಂದುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಭಾಗವತರಿಗೆ ಹಗಲಿನಲ್ಲೇ ನೀರು, ಮಜ್ಜಿಗೆ, ಎಳನೀರು ಬೇಕು. ಏಸಿ ಕೋಣೆಯವರಿಗೆ ನೀರಿನ ಜೊತೆ ಗಾಳಿಯ ತೇವವೂ ಬೇಕು.

ಇಲ್ಲಿ ಆಕ್ಷೇಪಗಳನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಮೊದಲನೆಯದು, ಈ ಪುರಾವೆಗಳೆಲ್ಲ ಸಣ್ಣವು ಎಂಬುದು. ನಿಜ. ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರು ಎಷ್ಟೋ ಸಲ ಬೆರಳೆಣಿಕೆಯಷ್ಟು ಮಂದಿ, ಬಹುಪಾಲು ಆರೋಗ್ಯವಂತ ಯುವಜನ. 2000ದಲ್ಲಿ ನಾಲ್ವರು ಹೆಂಗಸರ ಮೇಲೆ ಒಂದು ಪ್ರಯೋಗ ನಡೆಯಿತು. ಗಟ್ಟಿಯಾಗಿ ಓದಿ ದನಿ ದಣಿಸಿಕೊಂಡ ಮೇಲೆ, ಚೆನ್ನಾಗಿ ನೀರು ಕುಡಿದಿದ್ದ ದಿನ ಅವರಲ್ಲಿ ಮೂವರಿಗೆ ಒತ್ತಡದ ಏರಿಕೆ ಕಡಿಮೆಯಾಯಿತು ಅಥವಾ ತಡವಾಯಿತು. ಗಂಡಸರ ಮೇಲೆ ಅದನ್ನೇ ಮಾಡಿದಾಗ ಫಲಿತಾಂಶ ಅಷ್ಟು ಏಕರೂಪವಾಗಿ ಬರಲಿಲ್ಲ. ಹಾಂಗ್‌ಕಾಂಗಿನ ಹವ್ಯಾಸಿ ಕರಾವೊಕೆ ಗಾಯಕರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವನ್ನು ಎಲ್ಲರೂ ಉದ್ಧರಿಸುತ್ತಾರೆ. ಪ್ರತಿ ಹಾಡಿನ ನಂತರ ನೂರು ಮಿಲಿಲೀಟರ್ ನೀರು ಕುಡಿದು ಒಂದು ನಿಮಿಷ ಸುಮ್ಮನಿದ್ದವರು, ಹಾಗೆ ಮಾಡದವರಿಗಿಂತ ಹೆಚ್ಚು ಹೊತ್ತು ಹಾಡಿದರು. ಆದರೆ ಅಲ್ಲಿ ಫಲ ಕೊಟ್ಟದ್ದು ನೀರೋ, ಆ ಒಂದು ನಿಮಿಷದ ಮೌನವೋ? ಎರಡನ್ನೂ ಒಟ್ಟಿಗೇ ಕೊಟ್ಟಿದ್ದರಿಂದ ಬಿಡಿಸಿ ಹೇಳಲಾಗದು. ಬೈರೂತಿನಲ್ಲಿ ಉಪವಾಸ ಮಾಡುವ ಹೆಂಗಸರ ದನಿಯನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ವರದಿಯೂ ಹೀಗೆಯೇ. ಉಪವಾಸದ ಹೊತ್ತಿನಲ್ಲಿ ದನಿ ದಣಿಯಿತು, ಒಂದೇ ಉಸಿರಿನಲ್ಲಿ ಸ್ವರ ಹಿಡಿಯುವ ಅವಧಿ ತಗ್ಗಿತು. ಆದರೆ ನೀರು ಬಿಟ್ಟವರು ಅನ್ನವನ್ನೂ ಬಿಟ್ಟಿದ್ದರು.

ಹಾಗಾದರೆ ಪುರಾವೆಯನ್ನು ಬದಿಗಿಡಬೇಕೆ? ನನಗೆ ಹಾಗನ್ನಿಸುವುದಿಲ್ಲ. ಒಂದೊಂದು ಅಧ್ಯಯನವೂ ಸಣ್ಣದೇ, ಆದರೆ ನಾಯಿಯ ಧ್ವನಿಪೆಟ್ಟಿಗೆ, ಇಲಿಯ ಎಂಆರ್‌ಐ, ಮನುಷ್ಯರಿಗೆ ಕೊಟ್ಟ ಮೂತ್ರದ ಔಷಧ, ಒಣಗಾಳಿ, ಉಪವಾಸ ಎಂಬ ಬೇರೆ ಬೇರೆ ದಾರಿಗಳು ಒಂದೇ ಊರಿಗೆ ಬಂದು ಸೇರುತ್ತಿವೆ. ಈ ಪುರಾವೆ ಹೇಳದ್ದನ್ನು ಅದರ ಬಾಯಿಗೆ ತುರುಕಬಾರದು, ಅಷ್ಟೇ. ಕೊರತೆ ದನಿಗೆ ಕೆಡುಕು ಎಂದು ಅದು ಹೇಳುತ್ತದೆ. ಸಾಕಷ್ಟು ನೀರಿರುವ ದೇಹಕ್ಕೆ ಇನ್ನಷ್ಟು ಸುರಿದರೆ ದನಿ ಇನ್ನಷ್ಟು ಇಂಪಾಗುತ್ತದೆ ಎಂದು ಹೇಳುವುದಿಲ್ಲ. ಹೆಚ್ಚಾದ ನೀರನ್ನು ಮೂತ್ರಪಿಂಡಗಳು ಹೊರಹಾಕುತ್ತವೆ, ಧ್ವನಿತಂತುಗಳಿಗೆಂದು ಕೂಡಿಡುವುದಿಲ್ಲ. ದಿನಕ್ಕೆ ಎಂಟು ಲೋಟ ಎಂಬ ಮಾತಿಗೂ ಗಟ್ಟಿ ಆಧಾರವಿಲ್ಲವೆಂದು ಹೈನ್ಸ್ ವಾಲ್ಟಿನ್ ಎಂಬ ಮೂತ್ರಪಿಂಡ ತಜ್ಞ 2002ರಲ್ಲಿ ವಿವರವಾಗಿ ಬರೆದರು. ಅದರ ಮೂಲವೆಂದು ಹೇಳಲಾಗುವ 1945ರ ಅಮೆರಿಕದ ಶಿಫಾರಸು ಎರಡೂವರೆ ಲೀಟರ್ ಎಂದದ್ದೇನೋ ಹೌದು, ಆದರೆ ಅದರ ಬಹುಪಾಲು ಆಹಾರದಲ್ಲೇ ಇರುತ್ತದೆ ಎಂಬ ಮುಂದಿನ ವಾಕ್ಯವನ್ನು ಲೋಕ ಮರೆತುಬಿಟ್ಟಿತು. ಸಾರು, ಮಜ್ಜಿಗೆ, ಅಂಬಲಿ, ಗಂಜಿ ಉಣ್ಣುವ ನಮ್ಮಲ್ಲಿ ಈ ಮಾತು ಇನ್ನೂ ನಿಜ. ಮೂತ್ರ ತಿಳಿಹಳದಿಯಾಗಿದ್ದರೆ ದನಿಗೂ ನೀರು ಸಾಕಾಗಿದೆ ಎಂದು ತಿಳಿಯಬಹುದು. ಹೃದಯದ, ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ಕಾಫಿಯ ಮೇಲಿನ ಆರೋಪವನ್ನೂ ಇಲ್ಲಿಯೇ ಇತ್ಯರ್ಥ ಮಾಡಬಹುದು. ಕಾಫಿ ಗಂಟಲು ಒಣಗಿಸುತ್ತದೆ, ಹಾಡುವವರು ಮುಟ್ಟಬಾರದು ಎಂಬ ಮಾತು ಸಂಗೀತದವರಲ್ಲಿ ಬಹಳ ಗಟ್ಟಿ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹದಿನಾರು ಮಂದಿಗೆ 480 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದರೂ ದನಿಯ ಒತ್ತಡದಲ್ಲಿ ಕೆಡುಕು ಕಾಣಲಿಲ್ಲ. ನಮ್ಮ ಫಿಲ್ಟರ್ ಕಾಫಿಯ ಒಂದೆರಡು ಲೋಟಕ್ಕೆ ಹೆದರಬೇಕಾಗಿಲ್ಲ. ಹುಳಿತೇಗು, ಎದೆಯುರಿ ಇರುವವರ ವಿಷಯ ಬೇರೆ. ಅಲ್ಲಿ ಗಂಟಲಿಗೆ ತೊಂದರೆ ಕೊಡುವುದು ಮೇಲಕ್ಕೆ ಬರುವ ಆಮ್ಲ.

ಇನ್ನು ಆ ಒಂದು ಗುಟುಕು. ಅದು ತಂತುಗಳನ್ನು ಮುಟ್ಟುವುದಿಲ್ಲವೆಂದರೆ ಹಾಯೆನಿಸುವುದು ಭ್ರಮೆಯೇ ಎಂದು ಕೇಳಬಹುದು. ಭ್ರಮೆಯಲ್ಲ. ಬಾಯಿ, ನಾಲಿಗೆ, ಗಂಟಲಿನ ಹಿಂಗೋಡೆ ಒದ್ದೆಯಾಗುತ್ತವೆ, ಅಂಟು ಲೋಳೆ ಜಾರುತ್ತದೆ, ಕ್ಯಾಕರಿಸುವ ಚಟಕ್ಕೆ ತಡೆ ಬೀಳುತ್ತದೆ. ಕ್ಯಾಕರಿಸುವುದೆಂದರೆ ತಂತುಗಳನ್ನು ಬಲವಾಗಿ ಒಂದಕ್ಕೊಂದು ಅಪ್ಪಳಿಸುವುದು, ಹಾಗಾಗಿ ಅದು ತಪ್ಪಿದ್ದೇ ಲಾಭ. ನುಂಗುವಷ್ಟು ಹೊತ್ತು ಮಾತು ನಿಲ್ಲುವುದೂ ಒಂದು ಬಿಡುವು. ಕಲ್ಲುಸಕ್ಕರೆ, ಜ್ಯೇಷ್ಠಮಧು, ಲವಂಗ ಬಾಯಲ್ಲಿಟ್ಟುಕೊಂಡಾಗಲೂ ಆಗುವುದು ಇದೇ: ಜೊಲ್ಲು ಊರುತ್ತದೆ, ನುಂಗುತ್ತೇವೆ, ಗಂಟಲು ಹಗುರಾಗುತ್ತದೆ. ತಂತುಗಳಿಗೇ ನೇರವಾಗಿ ತಲುಪುವುದು ಉಸಿರಿನ ಜೊತೆ ಹೋಗುವ ತೇವ ಮಾತ್ರ. ಅದಕ್ಕೇ ನಮ್ಮ ಮನೆಗಳ ಹಬೆ ಪದ್ಧತಿಯಲ್ಲಿ ಅರ್ಥವಿದೆ. ಉಪ್ಪುನೀರಿನ ಸಣ್ಣ ತುಂತುರನ್ನು ನೆಬ್ಯುಲೈಸರಿನ ಮೂಲಕ ಉಸಿರಾಡಿದ ಗಾಯಕಿಯರ ಮೇಲಿನ ಪ್ರಯೋಗಗಳು ಇದೇ ದಿಕ್ಕಿನಲ್ಲಿ ಆಶಾದಾಯಕವಾಗಿವೆ.

ಈಗ ಶಾಲೆಯ ಮಾತು. ದನಿಯ ಹೊರೆ ಹೊತ್ತವರಲ್ಲಿ ಶಿಕ್ಷಕರದು ದೊಡ್ಡ ಗುಂಪು. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ ನೆಲ್ಸನ್ ರಾಯ್ ತಂಡ ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬದುಕಿನಲ್ಲಿ ಒಮ್ಮೆಯಾದರೂ ದನಿಯ ತೊಂದರೆ ಕಂಡವರು ಶಿಕ್ಷಕರಲ್ಲಿ ಶೇ 57.7, ಉಳಿದವರಲ್ಲಿ ಶೇ 28.8. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ದಿನವನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಬೆಳಗಿನ ಪ್ರಾರ್ಥನೆಯಲ್ಲೇ ದನಿ ಏರುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ–ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರುತ್ತಾರೆ. ಒಳ್ಳೆಯ ಪದ್ಧತಿಯೇ, ಆದರೆ ಹಾಡು, ಕತೆ, ಗುಂಪಿನ ಗದ್ದಲ ಎಲ್ಲದರ ಮೇಲೆ ಕೇಳಿಸಬೇಕಾದದ್ದು ಒಬ್ಬರ ಗಂಟಲು. ಬಿಡುವಿನಲ್ಲಿ ಆಟದ ಬಯಲಿನ ಗಲಾಟೆ ನೋಡಿಕೊಳ್ಳಬೇಕು, ಮಧ್ಯಾಹ್ನ ಬಿಸಿಯೂಟದ ಸಾಲು ನಿಲ್ಲಿಸಬೇಕು. ಈ ದಿನದಲ್ಲಿ ಅವರು ಯಾವಾಗ ನೀರು ಕುಡಿಯಬೇಕು? ಅದಕ್ಕಿಂತ ಕಹಿಯಾದ ಪ್ರಶ್ನೆ, ಕುಡಿದರೆ ಎಲ್ಲಿಗೆ ಹೋಗಬೇಕು? ಶೌಚಾಲಯ ಇಲ್ಲದ, ಇದ್ದರೂ ನೀರು ಬಾರದ ಶಾಲೆಗಳಲ್ಲಿ ಕೆಲಸ ಮಾಡುವ ಶಿಕ್ಷಕಿಯರು ಬೆಳಿಗ್ಗೆ ಮನೆ ಬಿಡುವಾಗಲೇ ನೀರು ಕಡಿಮೆ ಮಾಡಿಕೊಳ್ಳುತ್ತಾರೆ. ಅಂಗನವಾಡಿ ಕಾರ್ಯಕರ್ತೆಯರು, ಬಸ್ಸಿನ ಮಹಿಳಾ ಕಂಡಕ್ಟರುಗಳು, ಸಂತೆಯಲ್ಲಿ ಕೂಗಿ ಮಾರುವ ಹೆಂಗಸರು ಮಾಡುವುದೂ ಇದನ್ನೇ. ಹೆಣ್ಣಿನ ತಂತು ಚಿಕ್ಕದು, ಬಡಿತ ಹೆಚ್ಚು, ನೀರು ಕಡಿಮೆ. ಇವರಿಗೆ ಉರಿಮೂತ್ರದ ಕಾಟ ಎಂಬುದು ಎಲ್ಲರಿಗೂ ಗೊತ್ತು. ಗೊಗ್ಗರು ದನಿಯ ಹಿಂದೆಯೂ ಅದೇ ಕಾರಣ ಕೂತಿರಬಹುದು ಎಂದು ಯಾರೂ ಯೋಚಿಸುವುದಿಲ್ಲ. ನೀರು ಕುಡಿಯಿರಿ ಎಂದು ಇವರಿಗೆ ಬುದ್ಧಿ ಹೇಳುವುದು ಅನ್ಯಾಯ. ಇವರು ನೀರು ಬಿಟ್ಟಿರುವುದು ಅರಿವಿಲ್ಲದೆ ಅಲ್ಲ, ದಾರಿಯಿಲ್ಲದೆ.

ಇದಕ್ಕೆ ಬರಬಹುದಾದ ಅತ್ಯಂತ ಬಲವಾದ ಆಕ್ಷೇಪ ರಾಯ್ ತಂಡದ್ದೇ ಇನ್ನೊಂದು ಅಧ್ಯಯನದಿಂದ ಬರುತ್ತದೆ. 2002ರಲ್ಲಿ ಅವರು ದನಿ ಕೆಟ್ಟಿದ್ದ ಶಿಕ್ಷಕರಲ್ಲಿ ಒಂದು ಗುಂಪಿಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಮೈಕ್ ಕೊಟ್ಟರು, ಇನ್ನೊಂದಕ್ಕೆ ದನಿಯ ಆರೈಕೆಯ ಸಲಹೆ ಕೊಟ್ಟರು. ಮೈಕ್ ಪಡೆದವರು ಸ್ಪಷ್ಟವಾಗಿ ಸುಧಾರಿಸಿದರು, ಬರೀ ಸಲಹೆ ಪಡೆದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಹಾಗಾದರೆ ನೀರಿನ ಮಾತು ಬಿಟ್ಟು ಮೈಕ್ ಕೊಡಿಸುವುದೇ ಸರಿಯಲ್ಲವೇ? ಮೈಕ್ ಕೊಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಬಡಿತದ ಬಲವನ್ನೇ ಇಳಿಸುವ ಉಪಾಯಕ್ಕೆ ನೀರು ಸಾಟಿಯಲ್ಲ. ತಪ್ಪು ರೀತಿಯಲ್ಲಿ ಕೂಗಿ ಎದ್ದ ಗಂಟುಗಳು ನೀರಿನಿಂದಷ್ಟೇ ಕರಗುತ್ತವೆ ಎಂದು ನಂಬಿ ಕೂರುವುದೂ ಅಪಾಯ. ಆದರೆ ಆ ಅಧ್ಯಯನ ಸೋಲಿಸಿದ್ದು ಸಲಹೆಯನ್ನು, ನೀರನ್ನಲ್ಲ. ಕುಡಿಯಲು ಬಿಡುವು, ಹೋಗಲು ಜಾಗ ಕೊಡದೆ ಬರೀ ಹೇಳಿಕೆ ಕೊಟ್ಟರೆ ಫಲ ಸಿಗದು ಎಂದೇ ನಾನು ಅದನ್ನು ಓದುತ್ತೇನೆ. ಮೈಕ್ ಹಿಡಿದ ಗಂಟಲೂ ಒಣಗಿದ್ದರೆ ಅದೇ ಮೆಲುದನಿಗೆ ಹೆಚ್ಚು ಒತ್ತಡ ಬೇಡುತ್ತದೆ.

2019ರ ನವೆಂಬರಿನಲ್ಲಿ ಕೇರಳವನ್ನು ನೋಡಿ ನಮ್ಮ ಶಿಕ್ಷಣ ಇಲಾಖೆಯೂ ಶಾಲೆಗಳಲ್ಲಿ ನೀರಿನ ಬೆಲ್ ಬಾರಿಸಲು ಮುಂದಾಯಿತು. ಮಕ್ಕಳಿಗಾಗಿ ಹುಟ್ಟಿದ ಆ ಯೋಚನೆ ಈ ಬರಹ ಹೇಳುತ್ತಿರುವುದಕ್ಕೆ ತೀರ ಹತ್ತಿರದ್ದು, ಏಕೆಂದರೆ ಅದು ನೀರನ್ನು ವ್ಯಕ್ತಿಯ ಅಭ್ಯಾಸಕ್ಕೆ ಬಿಡದೆ ದಿನದ ವೇಳಾಪಟ್ಟಿಗೆ ಸೇರಿಸಿತು. ಅದೇ ಬೆಲ್ಲಿಗೆ ಶಿಕ್ಷಕರೂ ಕೂತು ನೀರು ಕುಡಿಯುವಂತಾದರೆ, ಕುಡಿಯುವ ಎರಡು ನಿಮಿಷ ತರಗತಿಯಲ್ಲಿ ಯಾರೂ ಮಾತಾಡದಿದ್ದರೆ, ಹಾಂಗ್‌ಕಾಂಗಿನ ಗಾಯಕರಿಗೆ ಸಿಕ್ಕ ನೀರು ಮತ್ತು ಮೌನ ಎರಡೂ ಇವರಿಗೂ ಸಿಗುತ್ತವೆ. ಎರಡರಲ್ಲಿ ಯಾವುದು ಫಲ ಕೊಟ್ಟಿತೆಂಬ ವಾದವನ್ನು ಸಂಶೋಧಕರಿಗೆ ಬಿಡಬಹುದು.

ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ಊರಿನ ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಬಣ್ಣ, ತಳಿರುತೋರಣಗಳ ಜೊತೆಗೆ ಮೂರು ವಿಷಯ ನೋಡಲಿ: ಕುಡಿಯುವ ನೀರು ತರಗತಿಗೆ ಹತ್ತಿರ ಇದೆಯೇ, ಶಿಕ್ಷಕಿಯರಿಗೆ ಬೇರೆ ಶೌಚಾಲಯವಿದ್ದು ಅದರಲ್ಲಿ ನೀರು ಬರುತ್ತಿದೆಯೇ, ನೀರಿನ ಬೆಲ್ ವೇಳಾಪಟ್ಟಿಯಲ್ಲಿದೆಯೇ. ಶಿಕ್ಷಕರಿಗೂ ಒಂದು ಮಾತು: ಒಡೆದ ದನಿ ನಾಲ್ಕು ವಾರವಾದರೂ ಸರಿಹೋಗದಿದ್ದರೆ ನೀರು, ಹಬೆ, ಕಷಾಯ ಎಂದು ಕಾಯಬೇಡಿ. ಹತ್ತಿರದ ಇಎನ್‌ಟಿ ವೈದ್ಯರ ಬಳಿ, ಇಲ್ಲವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಹೋಗಿ ಧ್ವನಿತಂತುಗಳನ್ನು ಪರೀಕ್ಷೆ ಮಾಡಿಸಿಕೊಳ್ಳಿ.